ನಾಯಿಯೊಡನೆ ಜರ್ಮನಿಗೆ: ಒಂದು ವರ್ಷದ ಮಟ್ಟಿಗೆ ಕೆಲಸ ಹುಡುಕಲು ಹೊರಡುವವರಿಗೆ ಮಾರ್ಗದರ್ಶಿ

ಕೆಲಸ ಹುಡುಕಲು ಜರ್ಮನಿಗೆ ಹೊರಡುವವರಲ್ಲಿ ಮನೆಯಲ್ಲಿ ನಾಯಿ ಸಾಕಿಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಮೊದಲು ವೀಸಾ ಬರಲಿ, ನಾಯಿಯ ಕಾಗದಪತ್ರಗಳನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುವುದು. ಭಾರತದಿಂದ ಐರೋಪ್ಯ ಒಕ್ಕೂಟದೊಳಗೆ ಹೋಗುವ ನಾಯಿಗೆ, ಎಲ್ಲವೂ ಮೊದಲಿನಿಂದ ಆಗಬೇಕಾದರೆ, ಕನಿಷ್ಠ ನಾಲ್ಕು ತಿಂಗಳು ಬೇಕು. ಈ ಅವಧಿಯನ್ನು ಹಣ ಕೊಟ್ಟು ಕಡಿಮೆ ಮಾಡಿಸಿಕೊಳ್ಳುವ ದಾರಿ ಯಾವುದೂ ಇಲ್ಲ. ಒಂದು ವರ್ಷದ ಪರವಾನಗಿ ಇಟ್ಟುಕೊಂಡು ಹೊರಟವರಿಗೆ ನಾಲ್ಕು ತಿಂಗಳು ಎಂದರೆ ಮೂರರಲ್ಲೊಂದು ಪಾಲು. ಆದ್ದರಿಂದ ನಿಮ್ಮ ಪ್ರಯಾಣದ ದಿನವನ್ನು ಗೊತ್ತುಮಾಡಬೇಕಾದದ್ದು ವೀಸಾ ಅಲ್ಲ, ನಾಯಿಯ ಲಸಿಕೆ ಪುಸ್ತಕ.

ಜರ್ಮನಿಯನ್ನೇ ಇಲ್ಲಿ ಆರಿಸಿಕೊಳ್ಳಲು ಕಾರಣವಿದೆ. ಅಲ್ಪಾವಧಿಯ ಕೆಲಸಕ್ಕೆಂದು ಭಾರತೀಯರಿಗೆ ಬಾಗಿಲು ತೆರೆದಿರುವ ದೇಶಗಳು ಬೇರೆಯೂ ಇವೆ. ಆದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಭಾರತದಿಂದ ನೇರವಾಗಿ ನಾಯಿಯನ್ನು ಬರಮಾಡಿಕೊಳ್ಳುವುದಿಲ್ಲ. ನಾಯಿ ಮೊದಲು ಅವರು ಒಪ್ಪಿದ ಇನ್ನೊಂದು ದೇಶದಲ್ಲಿ ತಿಂಗಳುಗಟ್ಟಲೆ ಇದ್ದು, ಅಲ್ಲಿಂದ ಹೊರಡಬೇಕು. ಒಂದು ವರ್ಷದ ವೀಸಾದವರಿಗೆ ಇದು ಆಗದ ಮಾತು. ಬ್ರಿಟನ್ ಒಪ್ಪುತ್ತದೆ, ಆದರೆ ಅಲ್ಲಿಗೆ ವಿಮಾನದಲ್ಲಿ ಹೋಗುವ ಸಾಕುನಾಯಿ ಸರಕಿನ ಲೆಕ್ಕದಲ್ಲೇ ಇಳಿಯಬೇಕು, ಜೊತೆಗೆ ಹೊರಡುವ ಮುನ್ನ ಲಾಡಿಹುಳುವಿನ ಔಷಧವನ್ನೂ ಕೊಡಿಸಿರಬೇಕು. ಜರ್ಮನಿಯಲ್ಲಿ ಮುಂಗಡ ಆಮದು ಪರವಾನಗಿ ಬೇಕಿಲ್ಲ, ಕಾಗದಗಳು ಸರಿಯಿದ್ದರೆ ಸಂಪರ್ಕತಡೆಯ ವಾಸವೂ ಇಲ್ಲ.

ಮೊದಲನೆಯದು: ಒಯ್ಯಬೇಕೇ ಎಂಬುದನ್ನು ನಿರ್ಧರಿಸಿ

ಈ ಪ್ರಶ್ನೆಯನ್ನು ಮನೆಯವರೊಡನೆ ಕುಳಿತು, ಲೆಕ್ಕ ಬರೆದು ತೀರ್ಮಾನಿಸಬೇಕು. 2024ರ ಜೂನ್ 1ರಂದು ಜಾರಿಗೆ ಬಂದ ಜರ್ಮನಿಯ ಆಪರ್ಚುನಿಟಿ ಕಾರ್ಡ್ ಕೆಲಸ ಹುಡುಕಲು ಗರಿಷ್ಠ ಒಂದು ವರ್ಷದ ಅವಕಾಶ ಕೊಡುತ್ತದೆ. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ಅರೆಕಾಲಿಕ ಕೆಲಸ ಮಾಡಬಹುದು, ಒಂದೊಂದು ಸಂಸ್ಥೆಯಲ್ಲಿ ಎರಡು ವಾರದವರೆಗೆ ಪ್ರಾಯೋಗಿಕವಾಗಿಯೂ ದುಡಿಯಬಹುದು. ಜೀವನೋಪಾಯಕ್ಕೆ ಹಣವಿದೆ ಎಂದು ತೋರಿಸಬೇಕಾದ ಮೊತ್ತ 2025ರಲ್ಲಿ ತಿಂಗಳಿಗೆ 1,091 ಯೂರೊ, ಎಂದರೆ ವರ್ಷಕ್ಕೆ 13,092 ಯೂರೊ ಇತ್ತು. ಈ ಮೊತ್ತವನ್ನು ಲೆಕ್ಕಹಾಕಿರುವುದು ಒಬ್ಬ ಮನುಷ್ಯನ ಊಟ, ಬಾಡಿಗೆ, ವಿಮೆಗಳಿಗೆ. ನಾಯಿಯ ಆಹಾರ, ಪಶುವೈದ್ಯರ ಶುಲ್ಕ, ತೆರಿಗೆ, ನೀವು ಸಂದರ್ಶನಕ್ಕೆ ಹೋದ ದಿನ ಅದನ್ನು ನೋಡಿಕೊಳ್ಳುವವರ ಕೂಲಿ ಇವೆಲ್ಲ ಅದರ ಮೇಲಿನ ಖರ್ಚು. ಈ ಮೊತ್ತವನ್ನು ತೋರಿಸಲು ಹಣವಿಡುವ ಬ್ಯಾಂಕಿನ ನಿರ್ಬಂಧಿತ ಖಾತೆಯಿಂದ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುಗಡೆಯಾಗುವುದರಿಂದ, ನಾಯಿಗೆಂದು ತೆಗೆದಿಟ್ಟ ಹಣ ಆ ಖಾತೆಯ ಹೊರಗೆ ಇರಬೇಕು.

ಕೇವಲ ಮೂರು ತಿಂಗಳ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡವರು ನಾಯಿಯನ್ನು ಊರಲ್ಲೇ ಬಿಟ್ಟು ಹೋಗುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷ ದಾಟಿದ ನಾಯಿಯ ವಿಷಯದಲ್ಲೂ ಅಷ್ಟೇ. ಮನೆಯವರ ಅಭ್ಯಾಸವಿರುವ ನಾಯಿ ಹಾಸನದ ತೋಟದ ಮನೆಯಲ್ಲಿ ನಿಮ್ಮನ್ನು ಒಂದೆರಡು ವಾರ ಹುಡುಕೀತು, ಆಮೇಲೆ ಅಜ್ಜಿಯ ಹಿಂದೆ ತಿರುಗಾಡಿಕೊಂಡಿದ್ದೀತು. ಅದೇ ನಾಯಿ ಬರ್ಲಿನ್ನಿನ ನಾಲ್ಕನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ದಿನವಿಡೀ ಒಂಟಿಯಾಗಿರುವುದು ಬೇರೆ ಮಾತು.

ನಾಯಿಯ ತಳಿಯನ್ನೂ ಈ ಹಂತದಲ್ಲೇ ನೋಡಬೇಕು. ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್‌ಟೆರಿಯರ್, ಬುಲ್‌ಟೆರಿಯರ್ ಹಾಗೂ ಇವುಗಳ ಮಿಶ್ರತಳಿಗಳನ್ನು ಜರ್ಮನಿಗೆ ತರುವುದನ್ನು 2001ರ ಕಾನೂನು ನಿಷೇಧಿಸುತ್ತದೆ. ಇವಲ್ಲದೆ ಬೇರೆ ಕೆಲವು ತಳಿಗಳ ಮೇಲೆ ಆಯಾ ರಾಜ್ಯಗಳ ಪ್ರತ್ಯೇಕ ನಿರ್ಬಂಧಗಳಿವೆ. ನಮ್ಮ ಬೀದಿಗಳಿಂದ ಎತ್ತಿ ಸಾಕಿದ ನಾಡುನಾಯಿಗಳಿಗೂ ಮುಧೋಳ ನಾಯಿಗಳಿಗೂ ಕಾನೂನಿನ ತೊಡಕಿಲ್ಲ; ಆದರೆ ಆ ಹೆಸರುಗಳನ್ನು ಅಲ್ಲಿನ ಗುಮಾಸ್ತರು ಕೇಳಿರುವುದಿಲ್ಲವಾದ್ದರಿಂದ, ಎಲ್ಲ ಕಾಗದಗಳಲ್ಲಿಯೂ ತಳಿಯ ಹೆಸರು ಒಂದೇ ರೀತಿ, ಒಂದೇ ಕಾಗುಣಿತದಲ್ಲಿ ಇರುವಂತೆ ನೋಡಿಕೊಳ್ಳಿ. ಒಂದರಲ್ಲಿ ಮಿಶ್ರತಳಿ, ಇನ್ನೊಂದರಲ್ಲಿ ಹೌಂಡ್, ಮತ್ತೊಂದರಲ್ಲಿ ದೇಸಿ ಎಂದು ಬರೆಸಿಕೊಂಡರೆ ಪ್ರಶ್ನೆಗಳನ್ನು ನೀವೇ ಕರೆದಂತೆ.

ಎರಡನೆಯದು: ಚಿಪ್, ಲಸಿಕೆ, ರಕ್ತಪರೀಕ್ಷೆ — ಇದೇ ಕ್ರಮದಲ್ಲಿ

ಇಡೀ ಪ್ರಕ್ರಿಯೆಯ ಜೀವಾಳ ಈ ಹಂತದಲ್ಲಿದೆ, ತಿರಸ್ಕೃತವಾಗುವ ಕಾಗದಗಳೂ ಬಹುಪಾಲು ಇಲ್ಲಿ ಕೆಟ್ಟವೇ.

ಮೊದಲು ಮೈಕ್ರೋಚಿಪ್. ಅಕ್ಕಿಕಾಳಿನಷ್ಟಿರುವ ಈ ಚಿಪ್ಪನ್ನು ಪಶುವೈದ್ಯರು ನಾಯಿಯ ಭುಜದ ಬಳಿ ಚರ್ಮದ ಕೆಳಗೆ ಸೂಜಿಯಿಂದ ಸೇರಿಸುತ್ತಾರೆ. ಅದು ಐಎಸ್ಒ 11784 ಮತ್ತು 11785 ಮಾನದಂಡಗಳಿಗೆ ಒಪ್ಪುವ, 15 ಅಂಕಿಗಳ ಚಿಪ್ ಆಗಿರಬೇಕು. ಬೇರೆ ಬಗೆಯದಾದರೆ ಅದನ್ನು ಓದುವ ಯಂತ್ರವನ್ನು ನೀವೇ ಕೊಂಡೊಯ್ಯಬೇಕಾಗುತ್ತದೆ. ಹಾಕಿಸಿದ ಕೂಡಲೇ ಯಂತ್ರದಿಂದ ಓದಿಸಿ, ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಪುಸ್ತಕದೊಡನೆ ತಾಳೆ ನೋಡಿ.

ಅನಂತರ ರೇಬೀಸ್ ಲಸಿಕೆ. ಚಿಪ್ ಹಾಕುವ ಮೊದಲು ಕೊಟ್ಟ ಲಸಿಕೆ ಐರೋಪ್ಯ ನಿಯಮದ ಕಣ್ಣಿಗೆ ಕೊಡದ ಲಸಿಕೆಯೇ. ಏಕೆಂದರೆ ಅದು ಈ ನಾಯಿಗೇ ಬಿದ್ದ ಲಸಿಕೆ ಎನ್ನಲು ಗುರುತಿಲ್ಲ. ಎರಡನ್ನೂ ಒಂದೇ ದಿನ ಮಾಡಿಸಬಹುದು, ಆದರೆ ಚಿಪ್ ಮೊದಲು ಎಂಬುದು ದಾಖಲೆಯಿಂದ ತಿಳಿಯಬೇಕು. ನಮ್ಮ ಮನೆಯ ನಾಯಿಯ ಪುಸ್ತಕದಲ್ಲಿ ಒಂದು ಚಿಕಿತ್ಸಾಲಯದವರು ಚಿಪ್ಪಿನ ದಿನಾಂಕವನ್ನು ಲಸಿಕೆಯ ಮರುದಿನಕ್ಕೆ ಬರೆದುಬಿಟ್ಟಿದ್ದರು; ಆ ಒಂದು ಅಂಕಿಯ ದೆಸೆಯಿಂದ ಲಸಿಕೆಯನ್ನು ಮತ್ತೆ ಹಾಕಿಸಿ, ದಿನಗಳನ್ನು ಮತ್ತೆ ಒಂದರಿಂದ ಎಣಿಸಬೇಕಾಯಿತು. ನಾಯಿ ಅದನ್ನು ತಾಳ್ಮೆಯಿಂದಲೇ ಸಹಿಸಿತು, ನಾವು ಸಹಿಸಲಿಲ್ಲ.

ಲಸಿಕೆ ಹಾಕಿಸಿ ಕನಿಷ್ಠ 30 ದಿನ ಕಳೆದ ಮೇಲೆ ನಾಯಿಯ ರಕ್ತ ತೆಗೆಸಿ, ರೇಬೀಸ್ ವಿರುದ್ಧದ ಪ್ರತಿಕಾಯಗಳ ಪರೀಕ್ಷೆಗೆ ಕಳುಹಿಸಬೇಕು. ಫಲಿತಾಂಶ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಪರೀಕ್ಷೆ ನಡೆಸುವ ಪ್ರಯೋಗಾಲಯ ಐರೋಪ್ಯ ಆಯೋಗ ಪ್ರಕಟಿಸುವ ಮಾನ್ಯತಾ ಪಟ್ಟಿಯಲ್ಲಿ ಇರಲೇಬೇಕು. ಪ್ರಯೋಗಾಲಯ ಎಷ್ಟೇ ಹೆಸರುವಾಸಿಯಾಗಿದ್ದರೂ ಪಟ್ಟಿಯಲ್ಲಿಲ್ಲದಿದ್ದರೆ ಅದರ ವರದಿ ಇಲ್ಲಿ ಉಪಯೋಗಕ್ಕೆ ಬಾರದು. ರಕ್ತದಿಂದ ಬೇರ್ಪಡಿಸಿದ ತಿಳಿದ್ರವವಾದ ಸೀರಮ್ಮನ್ನು ತಂಪಾಗಿಟ್ಟು ಹೊರದೇಶದ ಪ್ರಯೋಗಾಲಯಕ್ಕೆ ಕಳುಹಿಸಿ ಅಭ್ಯಾಸವಿರುವ ಪಶುವೈದ್ಯರನ್ನೇ ಹುಡುಕಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ರಕ್ತ ತೆಗೆದ ದಿನದಿಂದ ಪೂರ್ತಿ ಮೂರು ತಿಂಗಳು ಕಾಯಬೇಕು. ವರದಿ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ. ಜನವರಿ 5ರಂದು ಚಿಪ್ ಮತ್ತು ಲಸಿಕೆ ಎಂದಿಟ್ಟುಕೊಳ್ಳೋಣ. ಫೆಬ್ರವರಿ 5ರಂದು ರಕ್ತ ತೆಗೆಸಿದರೆ, ನಾಯಿ ಯುರೋಪಿನ ನೆಲ ಮುಟ್ಟಬಹುದಾದ ಮೊದಲ ದಿನ ಮೇ 5. ಮರಿಯಾದರೆ 12 ವಾರ ತುಂಬಿದ ಮೇಲಷ್ಟೇ ಲಸಿಕೆ ಎಣಿಕೆಗೆ ಬರುವುದರಿಂದ, ಸುಮಾರು ಏಳು ತಿಂಗಳಾಗುವವರೆಗೆ ಅದನ್ನು ಒಯ್ಯಲಾಗದು.

ಒಮ್ಮೆ ತೇರ್ಗಡೆಯಾದ ರಕ್ತಪರೀಕ್ಷೆ, ಮುಂದಿನ ಲಸಿಕೆಗಳನ್ನು ಅವಧಿ ಮುಗಿಯುವ ಮೊದಲೇ ಹಾಕಿಸುತ್ತ ಹೋದರೆ, ನಾಯಿಯ ಜೀವಮಾನಪೂರ್ತಿ ಸಲ್ಲುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ದಿನ ತಡವಾದರೂ ಸರಪಳಿ ಕಡಿಯುತ್ತದೆ. ಆಗ ಹಾಕಿಸಿದ್ದು ಮರುಲಸಿಕೆಯಾಗದೆ ಮೊದಲ ಲಸಿಕೆ ಎನಿಸಿಕೊಂಡು, 30 ದಿನ, ರಕ್ತಪರೀಕ್ಷೆ, ಮೂರು ತಿಂಗಳು ಎಲ್ಲವೂ ಮರುಕಳಿಸುತ್ತವೆ. ಹೀಗಾಗಿ, ಹೋಗುವುದು ಇನ್ನೂ ಖಚಿತವಾಗದವರು ಸಹ ಚಿಪ್, ಲಸಿಕೆ, ರಕ್ತಪರೀಕ್ಷೆ ಮೂರನ್ನೂ ಈಗಲೇ ಮುಗಿಸಿಟ್ಟುಕೊಳ್ಳುವುದು ಜಾಣತನ. ವೀಸಾ ಸಿಗದೇ ಹೋದರೆ ನಷ್ಟ ಪರೀಕ್ಷೆಯ ಶುಲ್ಕ ಮಾತ್ರ.

ಮೂರನೆಯದು: ಐದು ದಿನಗಳ ನಿಯಮ ಮತ್ತು ಯಾರು ಮೊದಲು ಹೋಗಬೇಕು ಎಂಬುದು

ಕೆಲಸ ಹುಡುಕುವವರಿಗೆ ಎಲ್ಲಕ್ಕಿಂತ ಸಹಜವಾಗಿ ಹೊಳೆಯುವ ಯೋಜನೆಯೆಂದರೆ, ತಾನು ಮೊದಲು ಹೋಗಿ ಮನೆ ಹಿಡಿದು, ನೆಲೆಯಾದ ಮೇಲೆ ನಾಯಿಯನ್ನು ಸರಕು ವಿಮಾನದಲ್ಲಿ ತರಿಸಿಕೊಳ್ಳುವುದು. ಕೇಳಲು ಸರಿಯಾಗಿದೆ, ನಿಯಮದಲ್ಲಿ ಸಿಕ್ಕಿಬೀಳುವುದು ಇದರಲ್ಲೇ. ಸಾಕುಪ್ರಾಣಿಯ ಸರಳ ನಿಯಮಗಳು ಅನ್ವಯಿಸಬೇಕಾದರೆ ನಾಯಿಯ ಪ್ರಯಾಣ ಒಡೆಯರ ಪ್ರಯಾಣದ ಐದು ದಿನ ಹಿಂದೆ ಅಥವಾ ಐದು ದಿನ ಮುಂದಿನೊಳಗೆ ನಡೆಯಬೇಕು. ಒಡೆಯರು ಬರೆದುಕೊಟ್ಟ ಒಪ್ಪಿಗೆ ಪತ್ರವಿದ್ದರೆ ಇನ್ನೊಬ್ಬರೂ ನಾಯಿಯನ್ನು ಕರೆತರಬಹುದು, ಆದರೆ ಅದೇ ಐದು ದಿನದ ಮಿತಿಯಲ್ಲಿ. ಈ ಮಿತಿ ದಾಟಿ ತಿಂಗಳ ನಂತರ ಒಂಟಿಯಾಗಿ ಬರುವ ನಾಯಿಯನ್ನು ವ್ಯಾಪಾರದ ಸರಕಿನಂತೆ ಪರಿಗಣಿಸುತ್ತಾರೆ. ಆಗ ಬೇಕಾಗುವ ಪ್ರಮಾಣಪತ್ರವೂ ಗಡಿ ತಪಾಸಣೆಯೂ ಬೇರೆ, ಖರ್ಚೂ ಬಹಳ ಹೆಚ್ಚು.

ಹಾಗಾಗಿ ಉಳಿಯುವ ದಾರಿ ಎರಡು. ಒಟ್ಟಿಗೇ ಹೋಗುವುದು ಒಂದು. ಒಂಟಿಯಾಗಿ ಹೋಗಿ, ಎರಡು ಮೂರು ತಿಂಗಳಲ್ಲಿ ಅರೆಕಾಲಿಕ ಕೆಲಸವನ್ನೂ ನಾಯಿಗೆ ಒಪ್ಪುವ ಮನೆಯನ್ನೂ ಹಿಡಿದು, ಮತ್ತೆ ಬೆಂಗಳೂರಿಗೆ ಬಂದು ಜೊತೆಯಲ್ಲಿ ಕರೆದೊಯ್ಯುವುದು ಇನ್ನೊಂದು. ಆಗ ಎಣಿಕೆಗೆ ಬರುವುದು ನಿಮ್ಮ ಎರಡನೆಯ ಪ್ರಯಾಣ. ವಿಮಾನದ ಟಿಕೆಟ್ಟಿಗೆ ಇನ್ನೊಮ್ಮೆ ಹಣ ತೆರಬೇಕಲ್ಲ ಎನಿಸುತ್ತದೆ. ಆದರೆ ನಾಯಿಯನ್ನು ಬಗಲಲ್ಲಿಟ್ಟುಕೊಂಡು ಮನೆ ಹುಡುಕುವ ತನಕ ವಾರಗಟ್ಟಲೆ ತೆರುವ ಹೋಟೆಲ್ ಬಾಡಿಗೆಗೆ ಹೋಲಿಸಿದರೆ ಆ ಟಿಕೆಟ್ಟೇ ಅಗ್ಗ. ಪರಿಚಿತರ ಮನೆ ಅಲ್ಲಿ ಮೊದಲೇ ಇಲ್ಲದವರಿಗೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ನೀವು ಅಲ್ಲಿರುವ ತಿಂಗಳುಗಳಲ್ಲಿ ಇಲ್ಲಿ ಕಾಯುವಿಕೆಯ ಮೂರು ತಿಂಗಳೂ ತಾನಾಗಿ ಸವೆಯುತ್ತವೆ. ವೀಸಾ ಬಹುಪ್ರವೇಶದ್ದೇ ಎಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.

ನಾಲ್ಕನೆಯದು: ಪಂಜರ ಮತ್ತು ವಿಮಾನ

ವಿಮಾನದೊಳಗೆ ಕಾಲಬಳಿ ಇಟ್ಟುಕೊಂಡು ಹೋಗಲು ಸಣ್ಣ ನಾಯಿಗಳಿಗೆ ಮಾತ್ರ ಸಾಧ್ಯ. ಲುಫ್ತಾನ್ಸಾದಂತಹ ಸಂಸ್ಥೆಗಳಲ್ಲಿ ಚೀಲವೂ ಸೇರಿ 8 ಕಿಲೋ ಮಿತಿ. ಅದಕ್ಕಿಂತ ದೊಡ್ಡವು ಪಂಜರದಲ್ಲಿ, ಗಾಳಿಯೊತ್ತಡವನ್ನೂ ಉಷ್ಣತೆಯನ್ನೂ ನಿಯಂತ್ರಿಸಿದ ಕೆಳಭಾಗದಲ್ಲಿ ಹೋಗುತ್ತವೆ. ಪ್ರತಿ ವಿಮಾನದಲ್ಲಿಯೂ ಪ್ರಾಣಿಗಳಿಗೆ ಸೀಮಿತ ಜಾಗವಿರುವುದರಿಂದ, ನಿಮ್ಮ ಟಿಕೆಟ್ ಕೊಳ್ಳುವ ಮೊದಲೇ ನಾಯಿಯ ಜಾಗ ಖಚಿತವಾಗಿರಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ನಾಯಿ ಜೊತೆಗಿದ್ದಾಗ ಕೊಲ್ಲಿ ದೇಶಗಳಲ್ಲಿ ಇಳಿದು ಹತ್ತುವ ಅಗ್ಗದ ಟಿಕೆಟ್ಟಿನ ಆಸೆ ಬಿಡುವುದು ಲೇಸು. ಪಗ್, ಶಿಟ್ಜು ಮುಂತಾದ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟದ ಅಪಾಯ ಹೆಚ್ಚಿರುವುದರಿಂದ ಹಲವು ಸಂಸ್ಥೆಗಳು ಅವನ್ನು ಕೆಳಭಾಗದಲ್ಲಿ ಒಯ್ಯಲು ಒಪ್ಪುವುದಿಲ್ಲ.

ಪಂಜರದ ಅಳತೆಯನ್ನು ಅಂದಾಜಿನಲ್ಲಿ ಕೊಳ್ಳಬೇಡಿ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ನಿಯಮದ ಪ್ರಕಾರ, ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪಂಜರದ ಉದ್ದ. ಭುಜದ ಅಗಲದ ಎರಡರಷ್ಟು ಪಂಜರದ ಅಗಲ. ನಿಂತ ನಾಯಿಯ ತಲೆ ಅಥವಾ ಕಿವಿಯ ತುದಿಯವರೆಗಿನ ಎತ್ತರ ಮತ್ತು ಹಾಸಿನ ದಪ್ಪ ಸೇರಿ ಪಂಜರದ ಎತ್ತರ. ಉದ್ದ 75 ಸೆಂ.ಮೀ., ಮೊಣಕೈ ಎತ್ತರ 38, ಭುಜದ ಅಗಲ 18, ನಿಂತಾಗಿನ ಎತ್ತರ 78 ಇರುವ ಸಪೂರ ಮೈಯ ನಾಯಿಗೆ ಕನಿಷ್ಠ 94 ಉದ್ದ, 36 ಅಗಲ, 78ಕ್ಕಿಂತ ಹೆಚ್ಚು ಎತ್ತರದ ಪಂಜರ ಬೇಕು. ಈ ಎತ್ತರಕ್ಕೆ ಹೊಂದುವ ಸಿದ್ಧ ಪಂಜರಗಳು ಅಗಲದಲ್ಲಿ ಇದಕ್ಕಿಂತ ಬಹಳ ದೊಡ್ಡವಾಗಿದ್ದು, ಕೆಲವು ವಿಮಾನಗಳ ಬಾಗಿಲಲ್ಲಿ ಹಿಡಿಸುವುದಿಲ್ಲವಾದ್ದರಿಂದ, ಕೊಳ್ಳುವ ಮುನ್ನ ಹೊರ ಅಳತೆಯನ್ನು ವಿಮಾನ ಸಂಸ್ಥೆಗೆ ತಿಳಿಸಿ ಒಪ್ಪಿಗೆ ಪಡೆಯಿರಿ.

ಪಂಜರವನ್ನು ಎರಡು ತಿಂಗಳ ಮೊದಲೇ ತಂದು ಮನೆಯ ಮೂಲೆಯಲ್ಲಿಟ್ಟು, ಬಾಗಿಲು ತೆರೆದೇ ಇಟ್ಟು, ಒಳಗೆ ಊಟ ಹಾಕಿ. ಅಲ್ಲೇ ಮಲಗಲು ಕಲಿತ ನಾಯಿಗೆ ಪ್ರಯಾಣದ ಹೊತ್ತಿಗೆ ಪಂಜರವೇ ಮನೆಯಾಗಿರುತ್ತದೆ. ನಿದ್ರೆಮಾತ್ರೆ ಕೊಡಬಾರದು; ಎತ್ತರದಲ್ಲಿ ಅದು ಉಸಿರಾಟವನ್ನೂ ರಕ್ತದೊತ್ತಡವನ್ನೂ ಕೆಡಿಸಬಹುದು, ಮಂಪರಿನಲ್ಲಿರುವ ನಾಯಿಯನ್ನು ಸಂಸ್ಥೆಯವರು ಹತ್ತಿಸಿಕೊಳ್ಳುವುದೂ ಇಲ್ಲ.

ಐದನೆಯದು: ಕೊನೆಯ ಹತ್ತು ದಿನ

ಕೇಂದ್ರ ಪಶುಸಂಗೋಪನೆ ಇಲಾಖೆಯ ಅಡಿಯಲ್ಲಿರುವ, ಎಲ್ಲರೂ ಎಕ್ಯೂಸಿಎಸ್ ಎಂದೇ ಕರೆಯುವ ಪ್ರಾಣಿ ಸಂಪರ್ಕತಡೆ ಮತ್ತು ಪ್ರಮಾಣೀಕರಣ ಸೇವೆಯ ಕಚೇರಿ ಬೆಂಗಳೂರಿನಲ್ಲಿಯೂ ಇದೆ. ನಿಮ್ಮ ಪಶುವೈದ್ಯರ ಆರೋಗ್ಯಪತ್ರ, ಲಸಿಕೆ ಪುಸ್ತಕ, ರಕ್ತಪರೀಕ್ಷೆಯ ವರದಿ, ಪಾಸ್‌ಪೋರ್ಟ್ ಮತ್ತು ಟಿಕೆಟ್ಟಿನ ಪ್ರತಿಗಳೊಡನೆ ಅರ್ಜಿ ಸಲ್ಲಿಸಿ, ನಾಯಿಯನ್ನು ತೋರಿಸಿ, ರಫ್ತು ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ಅದರ ಜೊತೆಗೆ ಐರೋಪ್ಯ ಒಕ್ಕೂಟದ ನಿಗದಿತ ನಮೂನೆಯ ಪ್ರಮಾಣಪತ್ರಕ್ಕೂ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ, ಮೊಹರು ಬೇಕು. ಈ ನಮೂನೆ ಅಧಿಕಾರಿಯ ಸಹಿಯಾದ ದಿನದಿಂದ ಯುರೋಪಿನ ಗಡಿಯ ತಪಾಸಣೆಯವರೆಗೆ ಹತ್ತು ದಿನ ಮಾತ್ರ ಸಲ್ಲುತ್ತದೆ. ಸಹಿಯ ಶಾಯಿ ಮುದ್ರಣದ ಬಣ್ಣದ್ದಾಗಿರಬಾರದೆಂಬ ಸಣ್ಣ ನಿಯಮವೂ ಇದೆ. ನೀಲಿ ಲೇಖನಿಯೊಂದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಹಬ್ಬದ ರಜೆಗಳು ಈ ಹತ್ತು ದಿನದೊಳಗೆ ಬೀಳದಂತೆ ಪ್ರಯಾಣದ ದಿನ ಆರಿಸಿಕೊಳ್ಳುವುದು ದಸರೆ, ದೀಪಾವಳಿಯ ತಿಂಗಳುಗಳಲ್ಲಿ ಬಹಳ ಮುಖ್ಯ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ, ಸುಂಕದವರಿಗೆ ತಿಳಿಸುವಂಥದ್ದೇನೂ ಇಲ್ಲದವರು ಹೋಗುವ ಹಸಿರು ದಾರಿಯಲ್ಲಿ ಹೊರಬೀಳಬಾರದು; ಕೆಂಪು ದಾರಿಯಲ್ಲಿ ಸುಂಕದ ಅಧಿಕಾರಿಗಳ ಬಳಿ ಹೋಗಿ ನಾಯಿ ಇದೆಯೆಂದು ತಾವಾಗಿಯೇ ತಿಳಿಸಬೇಕು. ಚಿಪ್ ಓದಿ ಕಾಗದಗಳೊಡನೆ ತಾಳೆ ನೋಡುತ್ತಾರೆ. ಕಾಗದಗಳು ಸರಿಯಿಲ್ಲದಿದ್ದರೆ ನಾಯಿಯನ್ನು ಹಿಂದಕ್ಕೆ ಕಳುಹಿಸಬಹುದು ಅಥವಾ ಒಡೆಯರ ಖರ್ಚಿನಲ್ಲಿ ಪ್ರತ್ಯೇಕವಾಗಿ ಇರಿಸಬಹುದು. ಇವೆರಡೂ ಆಗದಿದ್ದರೆ ಕೊಲ್ಲುವ ಅಧಿಕಾರವನ್ನೂ ಕಾನೂನು ಕೊಟ್ಟಿದೆ. ಮೂಲ ಪ್ರತಿಗಳನ್ನು ಕೈಚೀಲದಲ್ಲಿಯೂ ನಕಲುಗಳನ್ನು ಪಂಜರದ ಮೇಲೂ ಇಡಿ.

ಅಲ್ಲಿ ನೆಲೆಯೂರುವುದು

ಮನೆ ಸಿಗುವುದೇ ದೊಡ್ಡ ಕೆಲಸ. ಬಾಡಿಗೆ ಕರಾರಿನ ಮುದ್ರಿತ ನಮೂನೆಯಲ್ಲಿ ನಾಯಿ, ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವುದು ಸಲ್ಲದೆಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿದೆ. ಪ್ರತಿ ಪ್ರಕರಣವನ್ನೂ ತೂಗಿ ನೋಡಬೇಕೆಂಬುದು ಅದರ ಸಾರ. ಆದರೆ ಈ ತೀರ್ಪು ಬಾಡಿಗೆದಾರನಾದವನಿಗೆ ಉಪಯೋಗ, ಐವತ್ತು ಅರ್ಜಿಗಳ ನಡುವೆ ಬಾಡಿಗೆದಾರನಾಗಲು ಹೊರಟವನಿಗೆ ಅಲ್ಲ. ನಾಯಿಯನ್ನು ಮುಚ್ಚಿಟ್ಟು ಮನೆ ಹಿಡಿಯಬೇಡಿ. ಅದರ ವಯಸ್ಸು, ತೂಕ, ಸ್ವಭಾವ, ವಿಮೆ ಇವನ್ನು ಒಂದು ಪುಟದಲ್ಲಿ ಜರ್ಮನ್ ಭಾಷೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸಿದರೆ ಒಪ್ಪುವ ಮನೆಯೊಡೆಯರು ಸಿಗುತ್ತಾರೆ. ಕಾನೂನಿನ ಪ್ರಕಾರ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ.

ಮನೆಗೆ ಬಂದ ಎರಡು ವಾರದೊಳಗೆ ನಿಮ್ಮ ವಿಳಾಸವನ್ನು ನೋಂದಾಯಿಸಿ, ಅದರ ಬೆನ್ನಿಗೇ ನಾಯಿಯನ್ನೂ ನಾಯಿ ತೆರಿಗೆಗೆ ನೋಂದಾಯಿಸಬೇಕು. ಈ ತೆರಿಗೆ ಊರಿಂದ ಊರಿಗೆ ಬೇರೆ. ಬರ್ಲಿನ್ನಿನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೊ. ಬರ್ಲಿನ್, ಹ್ಯಾಂಬರ್ಗ್, ಲೋವರ್ ಸ್ಯಾಕ್ಸನಿ ಮೊದಲಾದ ರಾಜ್ಯಗಳಲ್ಲಿ ನಾಯಿಯಿಂದ ಇತರರಿಗಾಗುವ ಹಾನಿಗೆ ವಿಮೆ ಕಡ್ಡಾಯ. ಕಡ್ಡಾಯವಿಲ್ಲದ ಕಡೆಯೂ ಮಾಡಿಸಿಕೊಳ್ಳಿ, ಸೈಕಲ್ ಸವಾರರೊಬ್ಬರು ಬಿದ್ದರೆ ಪರಿಹಾರದ ಮೊತ್ತ ನಿಮ್ಮ ವರ್ಷದ ಖಾತೆಯನ್ನೇ ಬರಿದು ಮಾಡೀತು.

ಕೆಲಸದ ವೇಳೆಯನ್ನು ಒಪ್ಪಿಕೊಳ್ಳುವಾಗ ನಾಯಿಯ ವೇಳೆಯನ್ನೂ ನೆನೆಯಬೇಕು. ನಾಯಿಯನ್ನು ಸಾಕಷ್ಟು ಹೊತ್ತು ಹೊರಗೆ ಓಡಾಡಿಸಬೇಕೆಂದು 2022ರಿಂದ ಅಲ್ಲಿನ ನಿಯಮವೇ ಹೇಳುತ್ತದೆ. ವಾರದ 20 ಗಂಟೆಯನ್ನು ಐದು ದಿನಕ್ಕೆ ನಾಲ್ಕು ನಾಲ್ಕು ಗಂಟೆಯಾಗಿ ಹಂಚಿಕೊಂಡರೆ ನಾಯಿ ತಡೆದುಕೊಳ್ಳುತ್ತದೆ. ಎರಡೂವರೆ ದಿನದಲ್ಲಿ ಎಂಟೆಂಟು ಗಂಟೆ ದುಡಿಯುವುದಾದರೆ ಆ ದಿನಗಳಿಗೆ ನೋಡಿಕೊಳ್ಳುವವರು ಬೇಕು. ಬೇರೆ ಊರಿನ ಸಂದರ್ಶನಕ್ಕೆ ರೈಲಿನಲ್ಲಿ ಕರೆದೊಯ್ಯುವ ದೊಡ್ಡ ನಾಯಿಗೆ ಪ್ರತ್ಯೇಕ ಟಿಕೆಟ್, ಹಗ್ಗ, ಬಾಯಿಕುಕ್ಕೆ ಮೂರೂ ಬೇಕು. ಕಣದಲ್ಲಿ ಎತ್ತಿಗೆ ಕಟ್ಟುವ ಕುಕ್ಕೆಯನ್ನು ನೋಡಿ ಬೆಳೆದ ನಮಗೆ ನಾಯಿಗೂ ಅದನ್ನು ಕಟ್ಟುವುದು ವಿಚಿತ್ರವೆನಿಸಬಹುದು, ಆದರೆ ಬೆಂಗಳೂರಿನಲ್ಲೇ ಅಭ್ಯಾಸ ಮಾಡಿಸದಿದ್ದರೆ ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಅದನ್ನು ತೊಡಿಸುವುದು ಆಗದ ಕೆಲಸ. ಮುಧೋಳದಂತಹ ತೆಳು ಮೈಗೂದಲಿನ ನಾಯಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಹೋಗಲು ಅಂಗಿಯೂ ಬೇಕಾಗುತ್ತದೆ.

ಹಿಂದಿರುಗುವ ದಾರಿ

ಹೊರಡುವ ಉತ್ಸಾಹದಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ, ಕೆಲಸ ಸಿಗದೆ ವರ್ಷ ತುಂಬಿದಾಗ ಎದುರಾಗುವುದು ಮಾತ್ರ ಇದೇ. ಹೊರದೇಶದಲ್ಲಿ ಎರಡು ವರ್ಷ ನೆಲೆಸಿ ವಾಸ ಬದಲಿಸಿ ಬರುವವರಿಗೆ ಎರಡು ಸಾಕುಪ್ರಾಣಿಗಳನ್ನು ಸಾಮಾನಿನ ಜೊತೆ ತರಲು ಭಾರತದಲ್ಲಿ ಅವಕಾಶವಿದೆ. ಒಂದೇ ವರ್ಷಕ್ಕೆ ಮರಳುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಈ ನಾಯಿ ಭಾರತದಿಂದಲೇ ಹೋದದ್ದು ಎಂಬುದನ್ನು ತೋರಿಸುವ ಎಕ್ಯೂಸಿಎಸ್ ರಫ್ತು ಪ್ರಮಾಣಪತ್ರದ ಮೂಲಪ್ರತಿಯನ್ನು, ಚಿಪ್ ಸಂಖ್ಯೆ ಕಾಣುವಂತೆ, ಜೋಪಾನವಾಗಿಡಿ. ಹೋಗುವ ಮೊದಲೇ ಅದೇ ಕಚೇರಿಗೆ ಬರೆದು, ಇಂತಿಷ್ಟು ತಿಂಗಳಲ್ಲಿ ಮರಳಿದರೆ ಯಾವ ಕಾಗದಗಳು ಬೇಕೆಂದು ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ನಾಯಿ ವಿಮಾನ ಹತ್ತುವ ಮುನ್ನ ಅವರ ನಿರಾಕ್ಷೇಪಣಾ ಪತ್ರ ಕೈಯಲ್ಲಿರಬೇಕು, ಇಳಿಯುವುದೂ ಬೆಂಗಳೂರಿನಂತಹ, ಅವರ ಕಚೇರಿಯಿರುವ ನಿಲ್ದಾಣದಲ್ಲೇ ಆಗಬೇಕು. ಜರ್ಮನಿ ಬಿಡುವ ಮೊದಲು ಅಲ್ಲಿನ ಪಶುವೈದ್ಯರಿಂದ ಮುಂದಿನ ರೇಬೀಸ್ ಲಸಿಕೆಯನ್ನು ಅವಧಿಯೊಳಗೇ ಹಾಕಿಸಿ, ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ. ಮತ್ತೊಮ್ಮೆ ಕರೆ ಬಂದರೆ ನಾಯಿಯ ರಕ್ತವನ್ನು ಇನ್ನೊಮ್ಮೆ ತೆಗೆಸಬೇಕಾಗುವುದಿಲ್ಲ.